ಬೇಬ್ ರೂತ್ ಸಹಿ ಮಾಡಿದ ಚೆಂಡು ಅಂತ ನಂಬೋದು ಹೇಗೆ?

2024ರ ಆಗಸ್ಟ್‌ನಲ್ಲಿ ಅಮೆರಿಕದ ಹೆರಿಟೇಜ್ ಹರಾಜು ಸಂಸ್ಥೆ ಒಂದು ಹಳೇ ಉಣ್ಣೆ ಅಂಗಿ ಮಾರಿತು. ಬೂದು ಬಣ್ಣ, ಮುಂದೆ ಗುಂಡಿ ಸಾಲು, ಎದೆ ಮೇಲೆ ನ್ಯೂಯಾರ್ಕ್ ಅಂತ ಹೊಲಿದ ಅಕ್ಷರಗಳು. ಹೋದ ಬೆಲೆ 2 ಕೋಟಿ 41 ಲಕ್ಷ ಡಾಲರ್. ಆಗಿನ ಲೆಕ್ಕದಲ್ಲಿ 200 ಕೋಟಿ ರೂಪಾಯಿ ದಾಟುತ್ತದೆ. ಅಲ್ಲಿಯವರೆಗೆ ಯಾವ ಆಟದ ಯಾವ ನೆನಪಿನ ವಸ್ತುವೂ ಹರಾಜಿನಲ್ಲಿ ಅಷ್ಟು ಬೆಲೆ ಕಂಡಿರಲಿಲ್ಲ.

ಅಂಗಿ ಅಮೆರಿಕದ ಬೇಸ್‌ಬಾಲ್ ದಿಗ್ಗಜ ಬೇಬ್ ರೂತ್ ಅವರದ್ದು. 1932ರ ಅಕ್ಟೋಬರ್ 1ರಂದು ಶಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ ವರ್ಲ್ಡ್ ಸೀರೀಸ್‌ನ, ಅಂದರೆ ವರ್ಷದ ಫೈನಲ್ ಸರಣಿಯ, ಮೂರನೇ ಪಂದ್ಯ ನಡೆದಿತ್ತು. ಐದನೇ ಇನಿಂಗ್ಸ್‌ನಲ್ಲಿ ರೂತ್ ಬ್ಯಾಟ್ ಹಿಡಿದು ನಿಂತು ಕೈ ಎತ್ತಿ ಬೆರಳು ತೋರಿಸಿದರು. ಸ್ವಲ್ಪ ಹೊತ್ತಿಗೆ ಚಾರ್ಲಿ ರೂಟ್ ಎಸೆದ ಚೆಂಡನ್ನು ನೇರವಾಗಿ ನಡು ಮೈದಾನದ ಗೋಡೆ ಆಚೆ ಹೊಡೆದರು. ಹೋಮ್ ರನ್! ನಮ್ಮ ಸಿಕ್ಸರ್ ಇದ್ದ ಹಾಗೆ. 'ಅಲ್ಲಿಗೇ ಹೊಡೀತೀನಿ ನೋಡು' ಅಂತ ಮೊದಲೇ ತೋರಿಸಿದ್ದರಾ, ಇಲ್ಲ ಕೆಣಕುತ್ತಿದ್ದ ಎದುರಾಳಿಗಳ ಕಡೆ ಸುಮ್ನೆ ಬೆರಳು ಮಾಡಿದ್ದರಾ? ಇವತ್ತಿಗೂ ವಾದ ಮುಗಿದಿಲ್ಲ.

ಘಟನೆಯ ಅರ್ಥದ ಬಗ್ಗೆಯೇ ಜಗಳ ಇರುವಾಗ ಅಂಗಿಗೆ ಅಷ್ಟು ದುಡ್ಡು ಯಾಕೆ? ಇದೇ ಅಂಗಿ 2005ರಲ್ಲಿ 9 ಲಕ್ಷ 40 ಸಾವಿರ ಡಾಲರಿಗೆ ಹೋಗಿತ್ತು. ಆಮೇಲೆ ಇಡೀ ಮಾರುಕಟ್ಟೆ ಏರಿದ್ದು ಹೌದು. ಜೊತೆಗೆ, 2024ರ ಹೊತ್ತಿಗೆ ಅಂಗಿಯ ಪರವಾಗಿ ಗಟ್ಟಿ ಫೋಟೋ ಸಾಕ್ಷಿ ನಿಂತಿತ್ತು. ಆ ಕಾಲದ ಉಣ್ಣೆ ಅಂಗಿಗಳ ಮೇಲೆ ಅಕ್ಷರಗಳನ್ನು ಒಂದೊಂದಾಗಿ ಹೊಲಿಯುತ್ತಿದ್ದರು. ಒಂದು ಅಂಗಿಯಲ್ಲಿ ಅಕ್ಷರ ಗುಂಡಿಗೆ ಎರಡು ನೂಲು ಹತ್ತಿರ, ಇನ್ನೊಂದರಲ್ಲಿ ಸ್ವಲ್ಪ ವಾರೆ. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಪಂದ್ಯದ ದಿನದ ಫೋಟೋಗಳನ್ನು ದೊಡ್ಡದು ಮಾಡಿ, ಅಕ್ಷರ ಎಲ್ಲಿ ಕೂತಿದೆ, ಗುಂಡಿ ಎಲ್ಲಿದೆ, ಹೊಲಿಗೆ ಎಲ್ಲಿ ತಿರುಗಿದೆ ಅಂತ ಅಂಗಿಯ ಪಕ್ಕ ಇಟ್ಟು ನೋಡುತ್ತಾರೆ. ಇದನ್ನು ಫೋಟೋ ಮ್ಯಾಚಿಂಗ್ ಅನ್ನುತ್ತಾರೆ. ಹಳೇ ಬೇಸ್‌ಬಾಲ್ ವಸ್ತುಗಳ ಲೋಕದಲ್ಲಿ ಬೆಲೆ ನಿಂತಿರುವುದು ಇಂಥ ಸಾಕ್ಷಿಯ ಮೇಲೆ. ಈ ಒಂದು ಸಂಗತಿ ಹಿಡಿದುಕೊಂಡರೆ ಕಾರ್ಡು, ಚೆಂಡು, ಸಹಿ, ಬ್ಯಾಟು ಎಲ್ಲದರ ಲೆಕ್ಕ ಅರ್ಥವಾಗುತ್ತಾ ಹೋಗುತ್ತದೆ.

ಚೆಂಡು ಹಿಡಿದವರದ್ದೇ ಚೆಂಡು

ನಾವು ಕ್ರಿಕೆಟ್ ನೋಡಿ ಬೆಳೆದವರು. ಚಿನ್ನಸ್ವಾಮಿಯಲ್ಲಿ ಸಿಕ್ಸರ್ ಬಂದು ಕೈಗೆ ಬಿದ್ದರೂ ಚೆಂಡನ್ನು ವಾಪಸ್ ಎಸೆಯಲೇಬೇಕು. ಅದೇ ಚೆಂಡಿನಲ್ಲಿ ಆಟ ಮುಂದುವರಿಯುತ್ತದೆ. ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಗ್ಯಾಲರಿಗೆ ಬಂದ ಚೆಂಡು ಹಿಡಿದವರಿಗೆ. ಅಂಪೈರ್ ಹೊಸ ಚೆಂಡು ತೆಗೆಯುತ್ತಾರೆ, ಆಟ ನಡೆಯುತ್ತದೆ.

ಮೊದಲು ಅಲ್ಲೂ ಹೀಗಿರಲಿಲ್ಲ. ಕಾವಲುಗಾರರು ಬಂದು ಚೆಂಡು ಕಿತ್ತುಕೊಳ್ಳುತ್ತಿದ್ದರು. 1916ರಲ್ಲಿ ಶಿಕಾಗೋ ಕಬ್ಸ್ ಮಾಲೀಕ ಚಾರ್ಲ್ಸ್ ವೀಗ್‌ಮನ್ ತಮ್ಮ ಮೈದಾನದಲ್ಲಿ ಪ್ರೇಕ್ಷಕರೇ ಚೆಂಡು ಇಟ್ಟುಕೊಳ್ಳಲಿ ಅಂದರು. ಉಳಿದವರು ಒಪ್ಪಲಿಲ್ಲ. 1921ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಪಂದ್ಯಕ್ಕೆ ಹೋದ ರೂಬೆನ್ ಬರ್ಮನ್ ಎಂಬ ಪ್ರೇಕ್ಷಕರು ಕೈಗೆ ಸಿಕ್ಕ ಚೆಂಡು ಕೊಡದೆ ಹಿಂದಿದ್ದ ಜನರ ಕಡೆ ಎಸೆದರು. ಅವರನ್ನು ಮೈದಾನದಿಂದ ಹೊರಗೆ ಹಾಕಿದರು. ಅವರು ಕೋರ್ಟಿಗೆ ಹೋದರು, ಗೆದ್ದರು, 100 ಡಾಲರ್ ಪರಿಹಾರ ಬಂತು. ಆಮೇಲೆ ಒಂದೊಂದೇ ತಂಡ ಹಟ ಬಿಟ್ಟಿತು. ಆಟದ ಇತಿಹಾಸದ ಒಂದು ತುಂಡು ಸಾಮಾನ್ಯ ಮನುಷ್ಯನ ಜೇಬಿಗೆ ಬಂದು ಬೀಳುವ ದಾರಿ ತೆರೆದಿದ್ದು ಹೀಗೆ.

ಆ ದಾರಿಯಲ್ಲಿ ನಡೆದ ಭೇಟಿಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು 1961ರ ಅಕ್ಟೋಬರ್ 1ರದ್ದು. ಯಾಂಕಿ ಸ್ಟೇಡಿಯಂನಲ್ಲಿ ರೋಜರ್ ಮ್ಯಾರಿಸ್ ಆ ವರ್ಷದ 61ನೇ ಹೋಮ್ ರನ್ ಹೊಡೆದು ರೂತ್ ಅವರ 34 ವರ್ಷದ ಹಿಂದಿನ ದಾಖಲೆ ಮುರಿದರು. ಬಲಗಡೆ ಗ್ಯಾಲರಿಯಲ್ಲಿ ಚೆಂಡು ಹಿಡಿದದ್ದು 19 ವರ್ಷದ ಟ್ರಕ್ ಚಾಲಕ. ಮದುವೆಯಾಗಲಿದ್ದ ಹುಡುಗಿ ಜೊತೆ ಪಂದ್ಯ ನೋಡಲು ಬಂದಿದ್ದ. ಆ ಚೆಂಡಿಗೆ 5,000 ಡಾಲರ್ ಕೊಡುತ್ತೇನೆ ಅಂತ ಕ್ಯಾಲಿಫೋರ್ನಿಯಾದ ಹೋಟೆಲ್ ಮಾಲೀಕರೊಬ್ಬರು ಮೊದಲೇ ಸಾರಿದ್ದರು. ಹುಡುಗನನ್ನು ಮ್ಯಾರಿಸ್ ಹತ್ತಿರ ಕರೆದುಕೊಂಡು ಹೋದಾಗ ಅವನು ಚೆಂಡನ್ನು ಸುಮ್ನೆ ಕೊಟ್ಟುಬಿಡಲು ಮುಂದಾದ. ಮ್ಯಾರಿಸ್ ತೆಗೆದುಕೊಳ್ಳಲಿಲ್ಲ. ಇಟ್ಟುಕೋ, ನಾಲ್ಕು ಕಾಸು ಮಾಡಿಕೋ ಅನ್ನುವ ಮಾತು ಹೇಳಿ ಕಳಿಸಿದರು. ಹುಡುಗನಿಗೆ 5,000 ಸಿಕ್ಕಿತು. ಕೊಂಡ ಹೋಟೆಲ್ ಮಾಲೀಕರು ಚೆಂಡನ್ನು ಮ್ಯಾರಿಸ್‌ಗೇ ಕೊಟ್ಟರು. ಈಗ ಅದು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿರುವ ಬೇಸ್‌ಬಾಲ್ ಮ್ಯೂಸಿಯಂ ಹಾಲ್ ಆಫ್ ಫೇಮ್‌ನಲ್ಲಿದೆ. ಮೂರೂ ಜನ ಎಷ್ಟು ಸೊಗಸಾಗಿ ನಡೆದುಕೊಂಡರು, ಅಲ್ವಾ?

40 ವರ್ಷದ ನಂತರ ಗಾಳಿ ಬದಲಾಗಿತ್ತು. 2001ರ ಅಕ್ಟೋಬರ್ 7ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ಯಾರಿ ಬಾಂಡ್ಸ್ ಆ ವರ್ಷದ 73ನೇ ಹೋಮ್ ರನ್ ಹೊಡೆದರು. ಒಬ್ಬರ ಗ್ಲೌಸ್‌ಗೆ ಚೆಂಡು ಬಿತ್ತು. ಜನ ಮೇಲೆ ಬಿದ್ದು ನೂಕಾಡಿದರು. ಎದ್ದು ನೋಡಿದರೆ ಚೆಂಡು ಇನ್ನೊಬ್ಬರ ಕೈಯಲ್ಲಿತ್ತು. ಕೋರ್ಟಿನಲ್ಲಿ ಕೇಸು ವರ್ಷ ದಾಟಿತು. ಕೊನೆಗೆ ನ್ಯಾಯಾಧೀಶರು ಚೆಂಡು ಮಾರಿ ಸಮನಾಗಿ ಹಂಚಿಕೊಳ್ಳಿ ಅಂದರು. ಬಂದದ್ದು ನಾಲ್ಕೂವರೆ ಲಕ್ಷ ಡಾಲರ್. ಮೂರು ವರ್ಷ ಮೊದಲು ಮಾರ್ಕ್ ಮ್ಯಾಗ್ವೈರ್ ಹೊಡೆದ 70ನೇ ಹೋಮ್ ರನ್ನಿನ ಚೆಂಡು ಸುಮಾರು 30 ಲಕ್ಷ ಡಾಲರಿಗೆ ಹೋಗಿತ್ತು. ಎರಡನ್ನೂ ಕೊಂಡವರು ಕಾಮಿಕ್ಸ್ ಕಲಾವಿದ ಟಾಡ್ ಮ್ಯಾಕ್‌ಫಾರ್ಲೇನ್.

ಸಿಗರೇಟ್ ಪ್ಯಾಕಿನಿಂದ ಬಂದ ಕಾರ್ಡುಗಳು

ಸಂಗ್ರಹಕಾರರಲ್ಲಿ ಬಹುಪಾಲು ಜನ ಶುರು ಮಾಡುವುದು ಕಾರ್ಡುಗಳಿಂದ. 19ನೇ ಶತಮಾನದ ಕೊನೆಯಲ್ಲಿ ತಂಬಾಕು ಕಂಪನಿಗಳು ಸಿಗರೇಟ್ ಪ್ಯಾಕಿನೊಳಗೆ ಒಂದು ಗಟ್ಟಿ ರಟ್ಟು ಇಡುತ್ತಿದ್ದವು. ಸಿಗರೇಟ್ ಬಾಗಬಾರದು ಅಂತ. ಆ ರಟ್ಟಿನ ಮೇಲೆ ಆಟಗಾರರ ಚಿತ್ರ ಅಚ್ಚು ಹಾಕಿದರೆ ಜನ ಅದೇ ಬ್ರ್ಯಾಂಡ್ ಮತ್ತೆ ಮತ್ತೆ ಕೊಳ್ಳುತ್ತಾರೆ ಅಂತ ಕಂಡುಕೊಂಡರು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಹೊರತಂದ ಸರಣಿಗೆ ಈಗ ಟಿ206 ಅನ್ನುತ್ತಾರೆ. ಆ ಕಾಲದ ದೊಡ್ಡ ಆಟಗಾರ ಹೋನಸ್ ವ್ಯಾಗ್ನರ್ ಅವರ ಪ್ರಸಿದ್ಧ ಕಾರ್ಡ್ ಇದರದ್ದೇ. ವ್ಯಾಗ್ನರ್ ಒಪ್ಪದ ಕಾರಣ ಅವರ ಕಾರ್ಡಿನ ಅಚ್ಚು ಬೇಗ ನಿಂತಿತು. ಮಕ್ಕಳು ಕಾರ್ಡಿನ ಆಸೆಗೆ ತಂಬಾಕು ಕೊಳ್ಳಬಾರದು ಅಂತ ಬೇಡ ಅಂದರು ಅಂತ ಕೆಲವರು, ಹಣ ಕೊಡದ ಕಾರಣ ಅಂತ ಇನ್ನು ಕೆಲವರು. ಈಗ ಉಳಿದಿರುವುದು 60ರ ಆಸುಪಾಸು. 2022ರಲ್ಲಿ ಒಂದು 72 ಲಕ್ಷ 50 ಸಾವಿರ ಡಾಲರಿಗೆ ಕೈ ಬದಲಾಯಿಸಿತು.

ಟಿ206 ಅನ್ನುವ ಸಂಖ್ಯೆ ಕೊಟ್ಟವರು ಜೆಫರ್ಸನ್ ಬರ್ಡಿಕ್. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ವಿದ್ಯುತ್ ಉಪಕರಣಗಳ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು. ಸಂಧಿವಾತದಿಂದ ಕೈ ಬೆರಳು ಸರಿಯಾಗಿ ಮಡಚಲಾಗುತ್ತಿರಲಿಲ್ಲ. ಅಂಥವರು ಮೂರು ಲಕ್ಷಕ್ಕೂ ಜಾಸ್ತಿ ಅಚ್ಚಿನ ಕಾಗದ, ಕಾರ್ಡು, ಜಾಹೀರಾತು ಚೀಟಿಗಳನ್ನು ಕೂಡಿಸಿದರು. ಬೇಸ್‌ಬಾಲ್ ಕಾರ್ಡುಗಳೇ 30,000ಕ್ಕೂ ಹೆಚ್ಚು. ಎಲ್ಲಕ್ಕೂ ಒಂದು ಪಟ್ಟಿ ಮಾಡಿದರು, ಸರಣಿಗೊಂದು ಸಂಖ್ಯೆ ಕೊಟ್ಟರು. ಆಮೇಲೆ ಇಡೀ ಸಂಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ದಾನ ಕೊಟ್ಟು, ಅಲ್ಲೇ ಕೂತು ವರ್ಷಗಟ್ಟಲೆ ಒಂದೊಂದನ್ನೇ ಆಲ್ಬಂಗೆ ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಯಿತು. ಮಾರ್ಚ್‌ನಲ್ಲಿ ತೀರಿಕೊಂಡರು. ಇವತ್ತು ಕೋಟಿಗಟ್ಟಲೆ ವ್ಯವಹಾರ ಮಾಡುವವರು ಬಳಸುವ ಭಾಷೆ ಇವರದ್ದು. ಈ ಹವ್ಯಾಸದ ನಿಜವಾದ ದೊಡ್ಡ ಮನುಷ್ಯ ಯಾರು ಅಂತ ಕೇಳಿದರೆ ನಾನು ಬರ್ಡಿಕ್ ಹೆಸರನ್ನೇ ಹೇಳುತ್ತೇನೆ.

ತಂಬಾಕಿನ ನಂತರ ಬಬಲ್ ಗಮ್ ಕಾಲ ಬಂತು. 1933ರಲ್ಲಿ ಗೌಡಿ ಕಂಪನಿ 240 ಕಾರ್ಡುಗಳ ಸರಣಿ ತಂದಿತು. ಅದರಲ್ಲಿ 106ನೇ ಕಾರ್ಡ್ ಅಚ್ಚೇ ಆಗಿರಲಿಲ್ಲ. ಮಕ್ಕಳು ಅದನ್ನು ಹುಡುಕುತ್ತಾ ಇನ್ನಷ್ಟು ಗಮ್ ಕೊಳ್ಳುತ್ತಿದ್ದರು. ದೂರು ಬಂದ ಮೇಲೆ ಮರುವರ್ಷ ಹಳೇ ಆಟಗಾರ ನ್ಯಾಪ್ ಲಾಜುವೆ ಅವರ ಕಾರ್ಡ್ ಅಚ್ಚು ಹಾಕಿ, ಪತ್ರ ಬರೆದವರಿಗೆ ಅಂಚೆಯಲ್ಲಿ ಕಳಿಸಿದರು. ಹಾಗಾಗಿಯೇ ಅದು ಈಗ ಅಪರೂಪ.

1952ರ ಟಾಪ್ಸ್ ಸರಣಿಯ ಕಥೆಯಂತೂ ಎಲ್ಲರ ಬಾಯಲ್ಲಿದೆ. ಬ್ರೂಕ್ಲಿನ್‌ನ ಟಾಪ್ಸ್ ಕಂಪನಿಯ ಸೈ ಬರ್ಗರ್ ರೂಪಿಸಿದ ಸರಣಿ, ಒಟ್ಟು 407 ಕಾರ್ಡು. ಕೊನೆಯ ಕಂತು ತಡವಾಗಿ ಅಂಗಡಿಗೆ ಬಂತು. ಅಷ್ಟರಲ್ಲಿ ಫುಟ್‌ಬಾಲ್ ಸೀಸನ್ ಹತ್ತಿರವಾಗಿತ್ತು, ಯಾರೂ ಕೊಳ್ಳಲಿಲ್ಲ. ಡಬ್ಬಗಟ್ಟಲೆ ಮಾಲು ಗೋದಾಮಿನಲ್ಲಿ ಕೊಳೆಯಿತು. ಬರ್ಗರ್ ಅವರೇ ಹೇಳಿದ ಪ್ರಕಾರ 1960ರಲ್ಲಿ ಅದನ್ನೆಲ್ಲ ದೋಣಿಗೆ ತುಂಬಿ ನ್ಯೂಜೆರ್ಸಿ ತೀರದಾಚೆ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದರು. ಆ ಕಂತಿನ ಮೊದಲ ಕಾರ್ಡ್, 311ನೆಯದು, ನ್ಯೂಯಾರ್ಕ್ ಯಾಂಕೀಸ್ ತಂಡದ ಮಿಕ್ಕಿ ಮ್ಯಾಂಟಲ್ ಅವರದ್ದು. 2022ರಲ್ಲಿ ಅದರ ಒಂದು ಪ್ರತಿ 1 ಕೋಟಿ 26 ಲಕ್ಷ ಡಾಲರ್ ತಂದಿತು. ಇಲ್ಲಿ ಒಂದು ಸೂಕ್ಷ್ಮ ಇದೆ. ಮ್ಯಾಂಟಲ್ ಕಾರ್ಡ್ ಆ ಕಂತಿನಲ್ಲಿ ಉಳಿದ ಹೆಚ್ಚಿನ ಕಾರ್ಡುಗಳಿಗಿಂತ ಎರಡು ಪಟ್ಟು ಅಚ್ಚಾಗಿತ್ತು. ಅವರ ಮೊದಲ ಕಾರ್ಡ್ ಕೂಡ ಅದಲ್ಲ, 1951ರ ಬೌಮನ್ ಕಾರ್ಡ್. ಅಂದರೆ ಅಪರೂಪ ಅನ್ನೋದೊಂದೇ ಬೆಲೆ ಕಟ್ಟುವುದಿಲ್ಲ. ಸಮುದ್ರದ ಕಥೆ, ಯಾಂಕೀಸ್ ಅಭಿಮಾನ, ಆ ಕಾಲದ ಹುಡುಗರು ದೊಡ್ಡವರಾಗಿ ದುಡ್ಡು ಕಂಡದ್ದು, ಎಲ್ಲ ಸೇರಿದೆ.

ಹಾಗೆಯೇ ಹಳೆಯದೆಲ್ಲ ಚಿನ್ನ ಅಂತಲೂ ಅಲ್ಲ. 1980ರ ದಶಕದ ಕೊನೆಯಲ್ಲಿ ಜನ ಕಾರ್ಡುಗಳನ್ನು ಹೂಡಿಕೆ ಅಂತ ಕೊಳ್ಳಲು ಶುರು ಮಾಡಿದರು. ಕಂಪನಿಗಳು ಬೇಕಾಬಿಟ್ಟಿ ಅಚ್ಚು ಹಾಕಿದವು. ಎಲ್ಲರೂ ಜೋಪಾನವಾಗಿ ಎತ್ತಿಟ್ಟರು. ಎಲ್ಲರ ಹತ್ತಿರವೂ ಇರುವ ವಸ್ತುವಿಗೆ ಯಾರು ದುಡ್ಡು ಕೊಡುತ್ತಾರೆ? ಆ ಕಾಲದ ಪೆಟ್ಟಿಗೆಗಳು ಇವತ್ತಿಗೂ ಪುಡಿಗಾಸಿಗೆ ಸಿಗುತ್ತವೆ.

ಯಾರೂ ಎತ್ತಿಡದ ಕಾಲದ್ದು ಅಟ್ಟದಲ್ಲಿ ಸಿಕ್ಕರೆ ಮಾತು ಬೇರೆ. 2012ರಲ್ಲಿ ಓಹಾಯೊ ರಾಜ್ಯದ ಡಿಫೈಯನ್ಸ್ ಊರಲ್ಲಿ ಒಂದು ಕುಟುಂಬ ಅಜ್ಜನ ಮನೆಯ ಅಟ್ಟ ಖಾಲಿ ಮಾಡುತ್ತಿತ್ತು. ಮರದ ಗೊಂಬೆ ಮನೆಯ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಹುರಿ ಕಟ್ಟಿದ ಕಂತೆಗಳು. 1910ರ ಹೊತ್ತಿನ ಸುಮಾರು 700 ಕಾರ್ಡು. ಟೈ ಕಾಬ್, ಸೈ ಯಂಗ್, ವ್ಯಾಗ್ನರ್ ಎಲ್ಲರೂ ಇದ್ದರು. ನೂರು ವರ್ಷ ಯಾರೂ ಮುಟ್ಟಿರಲಿಲ್ಲವಾದ್ದರಿಂದ ಮೂಲೆಗಳು ಚೂಪಾಗಿಯೇ ಇದ್ದವು. ಮೊದಲ ಹರಾಜಿನಲ್ಲಿ 37 ಕಾರ್ಡುಗಳಿಗೇ 5 ಲಕ್ಷ 66 ಸಾವಿರ ಡಾಲರ್ ಬಂತು.

ಮೂಲೆಗೆ ಯಾಕೆ ಇಷ್ಟು ಮಹತ್ವ ಅಂದರೆ, ಈಗ ಕಾರ್ಡುಗಳಿಗೆ 1ರಿಂದ 10ರವರೆಗೆ ಅಂಕ ಕೊಡುವ ಕಂಪನಿಗಳಿವೆ. ಪಿಎಸ್‌ಎ, ಎಸ್‌ಜಿಸಿ ಇವುಗಳಲ್ಲಿ ಮುಖ್ಯ. ಮೂಲೆ, ಅಂಚು, ಮೇಲ್ಮೈ, ಚಿತ್ರ ನಡುವಿಗೆ ಕೂತಿದೆಯಾ ಅಂತ ನೋಡಿ, ಅಂಕ ಹಾಕಿ, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ ಕೊಡುತ್ತಾರೆ. ಅರ್ಧ ಅಂಕದ ವ್ಯತ್ಯಾಸಕ್ಕೆ ಲಕ್ಷಗಟ್ಟಲೆ ಬೆಲೆ ಏರುಪೇರಾಗಬಹುದು. ಅಲ್ಲಿಂದಲೇ ಮೋಸ ಹುಟ್ಟುತ್ತದೆ. ಪಿಎಸ್‌ಎ ಅಂಕ ಕೊಟ್ಟ ಮೊಟ್ಟಮೊದಲ ಕಾರ್ಡ್ ಒಂದು ವ್ಯಾಗ್ನರ್. 1991ರಲ್ಲಿ ಐಸ್ ಹಾಕಿ ದಿಗ್ಗಜ ವೇಯ್ನ್ ಗ್ರೆಟ್ಸ್‌ಕಿ ಪಾಲುದಾರರೊಬ್ಬರ ಜೊತೆ 4 ಲಕ್ಷ 51 ಸಾವಿರ ಡಾಲರಿಗೆ ಕೊಂಡಿದ್ದು. ಲೋಕದಲ್ಲೇ ಅತ್ಯುತ್ತಮ ಸ್ಥಿತಿಯ ವ್ಯಾಗ್ನರ್ ಅಂತ ಹೆಸರು. ಹಿಂದೆ ಅದನ್ನು ಮಾರಿದ್ದ ಬಿಲ್ ಮ್ಯಾಸ್ಟ್ರೊ 2013ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡರು: ಅಂಚು ಚೆನ್ನಾಗಿ ಕಾಣಲಿ ಅಂತ ತಾವೇ ಅದನ್ನು ಕತ್ತರಿಸಿದ್ದರು. ಹರಾಜು ವಂಚನೆ ಪ್ರಕರಣದಲ್ಲಿ ಅವರಿಗೆ 20 ತಿಂಗಳ ಜೈಲಾಯಿತು.

ಸಹಿಯನ್ನು ಓದುವ ಬಗೆ

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಒಂದು ಹಳೇ ಚೆಂಡು ನಿಮ್ಮ ಕೈಗೆ ಬಂತು ಅಂದುಕೊಳ್ಳಿ. ಚರ್ಮ ಹಳದಿ ತಿರುಗಿದೆ. ಹೊಲಿಗೆಯ ಎರಡು ಸಾಲು ಹತ್ತಿರ ಬರುವ ಕಿರಿದಾದ ಜಾಗದಲ್ಲಿ ಬೇಬ್ ರೂತ್ ಅಂತ ಸಹಿ ಇದೆ. ಸಂಗ್ರಹಕಾರರು ಆ ಜಾಗವನ್ನು ಸ್ವೀಟ್ ಸ್ಪಾಟ್ ಅನ್ನುತ್ತಾರೆ. ಸಹಿ ನೋಡುವ ಮೊದಲು ಚೆಂಡು ನೋಡಬೇಕು.

ಅಮೆರಿಕದ ಅಗ್ರ ಮಟ್ಟದ ಬೇಸ್‌ಬಾಲ್‌ಗೆ ಮೇಜರ್ ಲೀಗ್ ಅನ್ನುತ್ತಾರೆ, ಅದರಲ್ಲಿ ಎರಡು ಲೀಗ್. 20ನೇ ಶತಮಾನದ ಉದ್ದಕ್ಕೂ ನ್ಯಾಷನಲ್ ಲೀಗ್‌ಗೆ ಒಂದು ಚೆಂಡು, ಅಮೆರಿಕನ್ ಲೀಗ್‌ಗೆ ಇನ್ನೊಂದು. ಪ್ರತಿ ಚೆಂಡಿನ ಮೇಲೂ ಆಯಾ ಲೀಗಿನ ಅಧ್ಯಕ್ಷರ ಹೆಸರು ಅಚ್ಚಾಗಿರುತ್ತಿತ್ತು. ವಿಲ್ ಹ್ಯಾರಿಡ್ಜ್ 1931ರಿಂದ 1959ರವರೆಗೆ ಅಮೆರಿಕನ್ ಲೀಗ್ ಅಧ್ಯಕ್ಷರು. ಫೋರ್ಡ್ ಫ್ರಿಕ್ 1934ರಿಂದ 1951ರವರೆಗೆ ನ್ಯಾಷನಲ್ ಲೀಗ್‌ನವರು. ಅವರ ನಂತರ ವಾರನ್ ಜೈಲ್ಸ್ ಬಂದರು. ರೂತ್ ತೀರಿಕೊಂಡದ್ದು 1948ರ ಆಗಸ್ಟ್ 16. ಹಾಗಾಗಿ ನಿಮ್ಮ ಕೈಯಲ್ಲಿರುವ ಚೆಂಡಿನ ಮೇಲೆ ವಾರನ್ ಜೈಲ್ಸ್ ಹೆಸರಿದ್ದರೆ ಅಲ್ಲಿಗೆ ಕಥೆ ಮುಗಿಯಿತು. ಸಹಿ ಎಷ್ಟೇ ಚೆಂದ ಇರಲಿ, ಸತ್ತವರು ಎದ್ದು ಬಂದು ಸಹಿ ಹಾಕುವುದಿಲ್ಲ. ಹೊಲಿಗೆಯ ಬಣ್ಣವೂ ಸುಳಿವು ಕೊಡುತ್ತದೆ. 1934ಕ್ಕೆ ಮುಂಚೆ ನ್ಯಾಷನಲ್ ಲೀಗ್ ಚೆಂಡಿನ ಹೊಲಿಗೆ ಕೆಂಪು ಕಪ್ಪು, ಅಮೆರಿಕನ್ ಲೀಗಿನದ್ದು ಕೆಂಪು ನೀಲಿ. ಆಮೇಲೆ ಎರಡಕ್ಕೂ ಬರೀ ಕೆಂಪು.

ಮುಂದೆ ಶಾಯಿ. ಬಾಲ್ ಪೆನ್ ಅಮೆರಿಕದ ಅಂಗಡಿಗೆ ಬಂದದ್ದು 1945ರ ಅಕ್ಟೋಬರ್‌ನಲ್ಲಿ. ರೂತ್ ಜೊತೆ ಒಂದೇ ತಂಡದಲ್ಲಿ ಆಡಿದ ಲೂ ಗೆಹ್ರಿಗ್ 1941ರಲ್ಲೇ ತೀರಿಕೊಂಡಿದ್ದರು. ಗೆಹ್ರಿಗ್ ಸಹಿ ಬಾಲ್ ಪೆನ್ನಿನಲ್ಲಿದ್ದರೆ ಅದು ಸುಳ್ಳು, ಇನ್ನೇನೂ ನೋಡಬೇಕಿಲ್ಲ. ಶಾರ್ಪಿ ಮಾರ್ಕರ್ ಬಂದದ್ದು 1964ರಲ್ಲಿ. ಕಾಗದವಾದರೆ ನೇರಳಾತೀತ ದೀಪ ಹಿಡಿಯುತ್ತಾರೆ. 20ನೇ ಶತಮಾನದ ನಡುವಿನಿಂದ ಕಾಗದ ಬೆಳ್ಳಗೆ ಕಾಣಲೆಂದು ಹೊಳಪಿನ ರಾಸಾಯನಿಕ ಬೆರೆಸತೊಡಗಿದರು. ದೀಪದ ಕೆಳಗೆ ಅಂಥ ಕಾಗದ ನೀಲಿ ಹೊಳೆಯುತ್ತದೆ. 1910ರ ಕಾರ್ಡು ಹೊಳೆದರೆ ಅದು ಆ ಕಾಲದ ಕಾರ್ಡಲ್ಲ. ಮೋಸಗಾರರಿಗೂ ಇದು ಗೊತ್ತು. ಹಳೇ ಪುಸ್ತಕಗಳ ಖಾಲಿ ಹಾಳೆ ಹರಿದು ಅದರ ಮೇಲೆ ಸಹಿ ಹಾಕುತ್ತಾರೆ. ಆದ್ದರಿಂದ ಈ ಪರೀಕ್ಷೆಗಳು ಸುಳ್ಳನ್ನು ಹಿಡಿಯಬಲ್ಲವು, ನಿಜವನ್ನು ಸಾಬೀತು ಮಾಡಲಾರವು.

ಕೊನೆಗೆ ಸಹಿ. ನಿಜವಾದ ಸಹಿ ವೇಗವಾಗಿ ಹರಿದಿರುತ್ತದೆ. ನಕಲು ಮಾಡುವವರು ಆಕಾರ ನೋಡಿಕೊಂಡು ನಿಧಾನವಾಗಿ ಎಳೆಯುತ್ತಾರೆ. ಭೂತಗನ್ನಡಿ ಇಟ್ಟರೆ ಗೆರೆಯಲ್ಲಿ ಸಣ್ಣ ನಡುಕ, ಪೆನ್ನು ನಿಂತು ಮತ್ತೆ ಹೊರಟ ಜಾಗ, ಎಲ್ಲೆಡೆ ಒಂದೇ ಒತ್ತಡ ಕಾಣುತ್ತದೆ. ಇನ್ನೊಂದು ಗೋಜಲು ಇದೆ. ದೊಡ್ಡ ಆಟಗಾರರ ಪರವಾಗಿ ತಂಡದ ಹುಡುಗರು, ಸಹಾಯಕರು ಸಹಿ ಹಾಕಿದ್ದೂ ಉಂಟು. ಕ್ಲಬ್‌ಹೌಸ್ ಸಹಿ ಅನ್ನುತ್ತಾರೆ. ಚೆಂಡು ಆ ಕಾಲದ್ದೇ, ಶಾಯಿ ಆ ಕಾಲದ್ದೇ, ತಂಡದಿಂದಲೇ ಬಂದದ್ದು, ಕೈ ಮಾತ್ರ ಬೇರೆಯವರದ್ದು.

ಯಾರ ಸಹಿಗೆ ಎಷ್ಟು ಬೆಲೆ ಅನ್ನೋದು ಅವರು ಹೇಗೆ ಬದುಕಿದರು ಅನ್ನುವುದರ ಮೇಲೂ ನಿಂತಿದೆ. ರೂತ್ ಕೇಳಿದವರಿಗೆಲ್ಲ ಸಹಿ ಹಾಕುತ್ತಿದ್ದರು. ಹಾಗಾಗಿ ಅವರ ಸಹಿಗಳು ದುಬಾರಿಯಾದರೂ ಸಿಗುತ್ತವೆ. ಶೂಲೆಸ್ ಜೋ ಜ್ಯಾಕ್ಸನ್ ದಕ್ಷಿಣ ಕ್ಯಾರೊಲಿನಾದ ಹತ್ತಿ ಗಿರಣಿಯಲ್ಲಿ ಚಿಕ್ಕಂದಿನಿಂದ ದುಡಿದವರು, ಓದು ಬರಹ ಕಲಿತಿರಲಿಲ್ಲ. ಹೆಸರನ್ನು ಕಷ್ಟಪಟ್ಟು ಬಿಡಿಸುತ್ತಿದ್ದರು, ಹೆಚ್ಚಾಗಿ ಹೆಂಡತಿ ಕೇಟಿಯೇ ಅವರ ಪರವಾಗಿ ಸಹಿ ಹಾಕುತ್ತಿದ್ದರು. 1911ರ ಒಂದು ಫೋಟೋ ಮೇಲೆ ಅವರೇ ಹಾಕಿದ ಸಹಿ 2021ರಲ್ಲಿ 14 ಲಕ್ಷ 70 ಸಾವಿರ ಡಾಲರಿಗೆ ಹೋಯಿತು. ಮತ್ತೊಂದು ತುದಿಯಲ್ಲಿ ಬಾಬ್ ಫೆಲ್ಲರ್. 2010ರಲ್ಲಿ ತೀರಿಕೊಳ್ಳುವವರೆಗೂ ಎಷ್ಟು ಸಹಿ ಹಾಕಿದರೆಂದರೆ ಅವರ ಚೆಂಡು ಕಡಿಮೆ ದುಡ್ಡಿಗೆ ಸಿಗುತ್ತದೆ. 1936ರಿಂದ ಆಡಿದ ಮಹಾ ಎಸೆತಗಾರನ ಅಸಲಿ ಸಹಿ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆ ಶುರುವಾತಿಲ್ಲ.

ದೊಡ್ಡ ತಂಡ ಇಲ್ಲದ ಊರುಗಳಲ್ಲಿ ರೂತ್ ಚೆಂಡು ಹೇಗೆ ಸಿಗುತ್ತದೆ ಅಂತ ಹಲವರಿಗೆ ಅನುಮಾನ. ಅದಕ್ಕೆ ಕಾರಣ ಇದೆ. 20ನೇ ಶತಮಾನದಲ್ಲಿ 1955ರವರೆಗೆ ಸೇಂಟ್ ಲೂಯಿಸ್‌ನಿಂದ ಪಶ್ಚಿಮಕ್ಕೆ ನ್ಯಾಷನಲ್, ಅಮೆರಿಕನ್ ಲೀಗ್‌ಗಳ ಒಂದೂ ತಂಡ ಇರಲಿಲ್ಲ. ಸೀಸನ್ ಮುಗಿದ ಮೇಲೆ ಆಟಗಾರರು ರೈಲು ಹತ್ತಿ ಊರೂರು ಸುತ್ತಿ ಪ್ರದರ್ಶನ ಪಂದ್ಯ ಆಡುತ್ತಿದ್ದರು. ಬಾರ್ನ್‌ಸ್ಟಾರ್ಮಿಂಗ್ ಅಂತ ಅದಕ್ಕೆ ಹೆಸರು. 1927ರ ಅಕ್ಟೋಬರ್‌ನಲ್ಲಿ ರೂತ್ ಮತ್ತು ಗೆಹ್ರಿಗ್ ಹೀಗೆ ಕ್ಯಾಲಿಫೋರ್ನಿಯಾವರೆಗೂ ಹೋದರು. ಫ್ರೆಸ್ನೊದಲ್ಲಿ ಕೆನಿಚಿ ಜೆನಿಮುರಾ ಮತ್ತಿತರ ಜಪಾನಿ ಮೂಲದ ಆಟಗಾರರ ಜೊತೆ ಆಡಿ, ಸಾಲಾಗಿ ನಿಂತು ತೆಗೆಸಿಕೊಂಡ ಫೋಟೋ ಈಗಲೂ ಇದೆ. ರೈಲು ನಿಲ್ದಾಣದಲ್ಲೋ ಹೋಟೆಲಿನ ಬಾಗಿಲಲ್ಲೋ ನಿಂತ ಹುಡುಗನ ಚೆಂಡಿಗೆ ಸಹಿ ಬಿದ್ದದ್ದು ಇಂಥ ಪ್ರವಾಸಗಳಲ್ಲಿ. ಆದ್ದರಿಂದ 'ನಮ್ಮಜ್ಜ ಸಣ್ಣ ಊರಲ್ಲಿ ರೂತ್ ನೋಡಿದ್ದರು' ಅನ್ನುವ ಮನೆಮಾತನ್ನು ತಳ್ಳಿಹಾಕಬಾರದು. ಆ ಊರಿನ ಪತ್ರಿಕೆಯ ಹಳೇ ಸಂಚಿಕೆ ತೆಗೆದು ದಿನಾಂಕ ಹೊಂದುತ್ತದಾ ಅಂತ ನೋಡಬೇಕು.

ಬ್ಯಾಟುಗಳ ಬಗ್ಗೆ ಎರಡೇ ಮಾತು. ಲೂಯಿವಿಲ್ ಸ್ಲಗರ್ ಕಾರ್ಖಾನೆ ಯಾವ ಆಟಗಾರನಿಗೆ ಎಷ್ಟು ಉದ್ದ, ಎಷ್ಟು ತೂಕದ ಬ್ಯಾಟ್ ಕಳಿಸಿದೆವು ಅಂತ ದಾಖಲೆ ಇಟ್ಟಿದೆ. ಅಲ್ಲಿನ ಮ್ಯೂಸಿಯಂನಲ್ಲಿ ರೂತ್ ಅವರ 1927ರ ಒಂದು ಬ್ಯಾಟ್ ಇದೆ. ಕಂಪನಿ ಮುದ್ರೆಯ ಸುತ್ತ 21 ಗೀರು. ಒಂದೊಂದು ಹೋಮ್ ರನ್ನಿಗೆ ಒಂದೊಂದು.

ಸುಳ್ಳಿನ ಕಾರ್ಖಾನೆ

1990ರ ದಶಕದಲ್ಲಿ ನಕಲಿ ಸಹಿಗಳ ಹಾವಳಿ ಮಿತಿ ಮೀರಿತು. ಎಫ್‌ಬಿಐ ನಡೆಸಿದ ತನಿಖೆಗೆ ಆಪರೇಷನ್ ಬುಲ್‌ಪೆನ್ ಅಂತ ಹೆಸರು. ಸ್ಯಾನ್ ಡಿಯಾಗೊ ಪ್ಯಾಡ್ರೆಸ್ ತಂಡದ ದೊಡ್ಡ ಬ್ಯಾಟರ್ ಟೋನಿ ಗ್ವಿನ್ ತಮ್ಮ ತಂಡದ್ದೇ ಅಂಗಡಿಯಲ್ಲಿ ತಮ್ಮ ಹೆಸರಿನ ನಕಲಿ ಸಹಿ ಮಾರಾಟಕ್ಕಿರುವುದನ್ನು ಗುರುತಿಸಿ ಹೇಳಿದ್ದರು. 1999ರ ಅಕ್ಟೋಬರ್‌ನಲ್ಲಿ ದಾಳಿ ನಡೆಯಿತು. ರಾಶಿ ರಾಶಿ ನಕಲಿ ಚೆಂಡುಗಳು ಸಿಕ್ಕವು. ಅದರಲ್ಲಿ ಮದರ್ ತೆರೇಸಾ ಸಹಿ ಇರುವ ಬೇಸ್‌ಬಾಲ್ ಕೂಡ ಇತ್ತು. ಕೋಲ್ಕತ್ತದ ಬೀದಿಗಳಲ್ಲಿ ಬದುಕು ಕಳೆದ ಸನ್ಯಾಸಿನಿಯ ಹೆಸರನ್ನೂ ಬಿಡಲಿಲ್ಲ ಅಂದರೆ ಲಾಭದ ಆಸೆ ಎಲ್ಲಿಗೆ ಮುಟ್ಟಿತ್ತು ನೋಡಿ.

ಇದರ ಬೆನ್ನಿಗೇ, 2001ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ತನ್ನದೇ ದೃಢೀಕರಣ ವ್ಯವಸ್ಥೆ ತಂದಿತು. ಪ್ರತಿ ಪಂದ್ಯದಲ್ಲೂ ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದ ಅಥವಾ ಮಾಡುತ್ತಿರುವ ಒಬ್ಬರಾದರೂ ಮೈದಾನದ ಪಕ್ಕ ಕೂತಿರುತ್ತಾರೆ. ಆಟದಿಂದ ಹೊರಬಂದ ಚೆಂಡು ಅವರ ಕೈಗೆ ಬರುತ್ತದೆ. ತಕ್ಷಣ ಸಂಖ್ಯೆ ಇರುವ ಹೊಲೊಗ್ರಾಮ್ ಅಂಟಿಸುತ್ತಾರೆ. ಕಿತ್ತರೆ ಅದು ಹಾಳಾಗುತ್ತದೆ. ಯಾವ ದಿನ, ಯಾವ ಇನಿಂಗ್ಸ್, ಯಾರು ಎಸೆದದ್ದು ಎಲ್ಲ ದಾಖಲಾಗುತ್ತದೆ. ಕಣ್ಣು ತಪ್ಪಿದ ವಸ್ತುವಿಗೆ ಮುದ್ರೆ ಇಲ್ಲ. ಆಟಕ್ಕೆ ಬಳಸಿದ ಚೆಂಡನ್ನು ಬರಿಗಣ್ಣಿನಿಂದಲೂ ಸ್ವಲ್ಪ ಗುರುತಿಸಬಹುದು. ಹೊಸ ಚೆಂಡಿನ ಜಾರಿಕೆ ಹೋಗಲೆಂದು ಪಂದ್ಯಕ್ಕೆ ಮುಂಚೆ ಡೆಲಾವೇರ್ ನದಿ ಬಯಲಿನ ಒಂದು ಬಗೆಯ ನುಣುಪು ಕೆಸರನ್ನು ಉಜ್ಜುತ್ತಾರೆ. 1938ರಲ್ಲಿ ಲೀನಾ ಬ್ಲ್ಯಾಕ್‌ಬರ್ನ್ ಎಂಬ ಕೋಚ್ ಹುಡುಕಿದ ಕೆಸರು ಅದು. ಚರ್ಮಕ್ಕೆ ತೆಳು ಕಂದು ಬಣ್ಣ ಹತ್ತಿರುತ್ತದೆ.

ಇದೆಲ್ಲದರ ನಡುವೆ ನನಗೆ ಸಹಿಸಲಾಗದ ಒಂದು ಕೆಲಸವೂ ನಡೆದಿದೆ. 2003ರಲ್ಲಿ ಡಾನ್‌ರಸ್ ಎಂಬ ಕಾರ್ಡ್ ಕಂಪನಿ ರೂತ್ ತೊಟ್ಟಿದ್ದ ಅಸಲಿ ಅಂಗಿಯೊಂದನ್ನು 2 ಲಕ್ಷ 64 ಸಾವಿರ ಡಾಲರಿಗೆ ಕೊಂಡು, ತುಂಡು ತುಂಡು ಮಾಡಿ, ಒಂದೊಂದು ಚೂರನ್ನು ಒಂದೊಂದು ಕಾರ್ಡಿಗೆ ಅಂಟಿಸಿ ಮಾರಿತು. ಹೆಚ್ಚು ಜನಕ್ಕೆ ಸಿಗಲಿ ಅನ್ನುವುದು ಅವರ ವಾದ. ಆದರೆ ಇಡೀ ಅಂಗಿಯನ್ನು ಫೋಟೋ ಜೊತೆ ಹೋಲಿಸಬಹುದಿತ್ತು. ಎರಡು ಬೆರಳಗಲದ ಬಟ್ಟೆ ಚೂರು ಏನನ್ನೂ ಹೇಳಲಾರದು. ಸಾಕ್ಷಿಯನ್ನೇ ಕತ್ತರಿಸಿ ಹಾಕಿದಂತಾಯಿತು.

ಕಣ್ಣೆದುರಿಗೆ ಸಿಕ್ಕ ಸಹಿ

ಈಗ ಆಡುತ್ತಿರುವ ಆಟಗಾರರನ್ನು, ನಿವೃತ್ತ ದಿಗ್ಗಜರನ್ನು ಎಲ್ಲಿ ಎದುರುಗೊಳ್ಳಬಹುದು? ಫೆಬ್ರವರಿ, ಮಾರ್ಚ್‌ನಲ್ಲಿ ನಡೆಯುವ ಸ್ಪ್ರಿಂಗ್ ಟ್ರೇನಿಂಗ್ ಅದಕ್ಕೆ ಹೇಳಿ ಮಾಡಿಸಿದ ಕಾಲ. 15 ತಂಡಗಳು ಅರಿಜೋನಾದಲ್ಲಿ, 15 ಫ್ಲಾರಿಡಾದಲ್ಲಿ ಅಭ್ಯಾಸ ಮಾಡುತ್ತವೆ. ಮೈದಾನಗಳು ಚಿಕ್ಕವು, ಆಟಗಾರರು ಬೇಲಿಯ ಪಕ್ಕವೇ ನಡೆದು ಹೋಗುತ್ತಾರೆ. ಹಳಬರು ಕೋಚ್‌ಗಳಾಗಿ, ಅತಿಥಿಗಳಾಗಿ ಬಂದಿರುತ್ತಾರೆ. ಫೀನಿಕ್ಸ್, ಟ್ಯಾಂಪಾ ಕಡೆ ನೆಲೆಸಿರುವ ಕನ್ನಡಿಗರು ಮಕ್ಕಳನ್ನು ಕರೆದುಕೊಂಡು ಒಂದು ಬೆಳಿಗ್ಗೆ ಹೋಗಿ ನೋಡಬೇಕು. ಜುಲೈನಲ್ಲಿ ಕೂಪರ್ಸ್‌ಟೌನ್‌ನಲ್ಲಿ ಹಾಲ್ ಆಫ್ ಫೇಮ್ ಸೇರ್ಪಡೆ ಸಮಾರಂಭ ನಡೆಯುತ್ತದೆ. ಎರಡು ಸಾವಿರ ಜನವೂ ಇಲ್ಲದ ಆ ಊರಿನ ಮುಖ್ಯ ಬೀದಿಯಲ್ಲಿ ಟೇಬಲ್ ಹಾಕಿಕೊಂಡು ಹಳೇ ಆಟಗಾರರು ಶುಲ್ಕಕ್ಕೆ ಸಹಿ ಹಾಕುತ್ತಿರುತ್ತಾರೆ.

ಅಚಾನಕ್ಕಾಗಿ ವಿಮಾನ ನಿಲ್ದಾಣದಲ್ಲೋ ಹೋಟೆಲಿನಲ್ಲೋ ಸಿಕ್ಕರೆ, ಊಟ ಮಾಡುತ್ತಿರುವವರನ್ನು ಎಬ್ಬಿಸಬೇಡಿ. ಒಂದೇ ವಸ್ತು ಮುಂದಿಡಿ. ಚೆಂಡಿಗೆ ನೀಲಿ ಬಾಲ್ ಪೆನ್ ಕೊಡಿ, ಮಾರ್ಕರ್ ಶಾಯಿ ಚರ್ಮದಲ್ಲಿ ಹರಡುತ್ತದೆ. ನಿಮ್ಮ ಹೆಸರನ್ನೂ ಬರೆಸಿಕೊಳ್ಳಿ. ಹೆಸರು ಬರೆಸಿದರೆ ಮಾರುವಾಗ ಬೆಲೆ ಇಳಿಯುತ್ತದೆ ಅಂತ ವ್ಯಾಪಾರಿಗಳು ಹೇಳುತ್ತಾರೆ. ಅದು ನಿಜವೇ. ಆದರೆ ಮಾರುವವನಲ್ಲ ಅಂತ ಗೊತ್ತಾದಾಗ ಆಟಗಾರರು ಎರಡು ಮಾತು ಜಾಸ್ತಿ ಆಡುತ್ತಾರೆ. ಆ ಮಾತಿಗಾಗಿಯೇ ಹೋಗಿರುತ್ತೇವೆ, ಅಲ್ವಾ?

ಇಲ್ಲೊಂದು ವಿಚಿತ್ರ ಇದೆ. ನಿಮ್ಮ ಕಣ್ಣೆದುರೇ ಹಾಕಿದ ಸಹಿ ನಿಮ್ಮ ಪಾಲಿಗೆ ನೂರಕ್ಕೆ ನೂರು ನಿಜ. ಮಾರುಕಟ್ಟೆಗೆ ಅದು ಬರೀ ಒಂದು ಗೀಟು. ನೀವು ಹೇಳಿದ್ದನ್ನು ಅವರು ನಂಬಬೇಕಿಲ್ಲ. ನಾಳೆ ನಿಮ್ಮ ಮೊಮ್ಮಕ್ಕಳಿಗೂ ಇದೇ ತೊಂದರೆ. ಆದ್ದರಿಂದ ಸಹಿ ಹಾಕುತ್ತಿರುವಾಗಿನ ಒಂದು ಫೋಟೋ ತೆಗೆಸಿ. ಅವತ್ತೇ ಒಂದು ಹಾಳೆಯಲ್ಲಿ ದಿನ, ಜಾಗ, ಯಾರು ಜೊತೆಗಿದ್ದರು ಅಂತ ಬರೆದು ಚೆಂಡಿನ ಜೊತೆ ಇಡಿ. ಬಿಸಿಲು, ತೇವ ಎರಡರಿಂದಲೂ ದೂರ ಇಡಿ. ಮಾರುವ ಯೋಚನೆ ಇಲ್ಲದವರೂ ಇದನ್ನು ಮಾಡಬೇಕು.

ಬರೆದಿಡದೆ ಹೋದದ್ದಕ್ಕೆ ದೊಡ್ಡ ಉದಾಹರಣೆ ನೀಗ್ರೊ ಲೀಗ್‌ಗಳು. ಕಪ್ಪು ಆಟಗಾರರನ್ನು ದಶಕಗಟ್ಟಲೆ ಮೇಜರ್ ಲೀಗ್‌ನಿಂದ ಹೊರಗಿಟ್ಟಿದ್ದ ಕಾಲದಲ್ಲಿ ಅವರು ಕಟ್ಟಿಕೊಂಡ ತಂಡಗಳವು. ಕಾರ್ಡ್ ಕಂಪನಿಗಳು ಅವರ ಚಿತ್ರ ಅಚ್ಚು ಹಾಕಲಿಲ್ಲ. ಜಾಶ್ ಗಿಬ್ಸನ್ ಎಂಥ ಬ್ಯಾಟರ್ ಅಂದರೆ, 2024ರಲ್ಲಿ ಆ ಲೀಗ್‌ಗಳ ಅಂಕಿಅಂಶಗಳನ್ನು ಅಧಿಕೃತ ದಾಖಲೆಗೆ ಸೇರಿಸಿದಾಗ .372 ಬ್ಯಾಟಿಂಗ್ ಸರಾಸರಿಯಿಂದ, ಅಂದರೆ ಸಾವಿರ ಸಲಕ್ಕೆ 372 ಯಶಸ್ವಿ ಹೊಡೆತದ ಲೆಕ್ಕದಲ್ಲಿ, ಎಲ್ಲರಿಗಿಂತ ಮೇಲೆ ಬಂದರು. ಅವರ ಹೆಸರಾಂತ ಕಾರ್ಡ್ ಬಂದದ್ದು ಪೋರ್ಟೊ ರಿಕೊದಿಂದ, ಅದೂ 1947ರಲ್ಲಿ ಅವರು ತೀರಿಕೊಂಡ ಮೇಲೆ. ಕಾನ್ಸಾಸ್ ಸಿಟಿಯಲ್ಲಿ 1990ರಲ್ಲಿ ಶುರುವಾದ ನೀಗ್ರೊ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂ ಉಳಿದದ್ದನ್ನು ಹುಡುಕಿ ಕಾಪಾಡುತ್ತಿದೆ. ಅದಕ್ಕಾಗಿ ಓಡಾಡಿದ ಬಕ್ ಓನೀಲ್, ಸ್ವತಃ ಆ ಲೀಗಿನಲ್ಲಿ ಆಡಿದವರು, 2006ರಲ್ಲಿ ತೀರಿಕೊಳ್ಳುವವರೆಗೂ ಬಂದವರಿಗೆಲ್ಲ ಕಥೆ ಹೇಳುತ್ತಿದ್ದರು.

ಜ್ಯಾಕಿ ರಾಬಿನ್ಸನ್ 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ತಂಡಕ್ಕೆ ಆಡಿ, ಕಪ್ಪು ಆಟಗಾರರನ್ನು ಹೊರಗಿಟ್ಟಿದ್ದ ಆ ಗೋಡೆ ಒಡೆದರು. ಆ ದಿನದ ಪಂದ್ಯದ ಹರಿದ ಟಿಕೆಟ್ ತುಂಡೊಂದು 2022ರಲ್ಲಿ 4 ಲಕ್ಷ 80 ಸಾವಿರ ಡಾಲರಿಗೆ ಮಾರಾಟವಾಯಿತು. ಯಾರೋ ಒಬ್ಬರು ಅದನ್ನು ಎಸೆಯದೆ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗಿದ್ದರು, ಅಷ್ಟೇ. ಈಗ ಹೆಚ್ಚಿನ ತಂಡಗಳ ಟಿಕೆಟ್ ಫೋನಿನಲ್ಲೇ ಬರುತ್ತದೆ, ಗೇಟಿನಲ್ಲಿ ಸ್ಕ್ಯಾನ್ ಆಗಿ ಮುಗಿಯುತ್ತದೆ. ನೆನಪಿಗೆ ಅಂತ ಆಮೇಲೆ ಅಚ್ಚು ಹಾಕಿ ಮಾರುವ ಕಾಗದದ ಟಿಕೆಟ್ಟನ್ನು ಯಾರು ಬೇಕಾದರೂ ಕೊಳ್ಳಬಹುದು, ಅದರಿಂದ ಅವತ್ತು ಅಲ್ಲಿದ್ದೆ ಅಂತ ತೋರಿಸಲಾಗದು. ಹಾಗಾಗಿ ಈಗ ಪಂದ್ಯಕ್ಕೆ ಹೋಗುವವರು ಸೀಟಿನಿಂದ ಸ್ಕೋರ್‌ಬೋರ್ಡ್ ಕಾಣುವಂತೆ ಒಂದು ಫೋಟೋ ತೆಗೆದು, ಅಚ್ಚು ಹಾಕಿಸಿ, ಹಿಂದೆ ಪೆನ್ನಿನಲ್ಲಿ ದಿನಾಂಕ ಬರೆದಿಡುವುದು ಒಳ್ಳೆಯದು.